ಹಾಯಿ

ಗ್ಲಾಸ್ಗೋದ ಗೋವನ್‌ನಲ್ಲಿ, ಹಡಗು ಕಟ್ಟುತ್ತಿದ್ದ ದಂಡೆಯ
ಮೂರನೇ ಮಹಡಿಯಲ್ಲಿ, ಐಲಿ ಮೆಕ್‌ಫೇಲ್
ಆ ಹಾಯಿಯನ್ನು ಮಡಿಚಿದ್ದಳು, ಉಗುರು ಕತ್ತರಿಸಿಕೊಂಡು,
ಉಸಿರು ಬಿಗಿಹಿಡಿದು.
ಈರುಳ್ಳಿ ಸಿಪ್ಪೆಯಷ್ಟು ತೆಳು.
ಬುತ್ತಿಡಬ್ಬಿಯಷ್ಟು ಉಪಗ್ರಹದ ಬೆನ್ನಿಗೆ
ಬೀಳಲೆಂದೇ ಕಟ್ಟಿದ ಹಾಯಿ.

ಅವಳಜ್ಜ ಇದೇ ದಂಡೆಯಲ್ಲಿ ರಿವೆಟ್ ಬಡಿದು
ಕಿವಿ ಕಳೆದುಕೊಂಡವನು; ಕೂಗಿ ಕೇಳಿದ್ದ:
"ಮುಳುಗಿಸೋಕೇ ಕಟ್ತೀಯೇನೇ?"
ತಲೆಯಾಡಿಸಿದ್ದಳು.

ಏಳು ವರ್ಷದ ಮೇಲೆ, ನಡುರಾತ್ರಿ, ಆಜ್ಞೆ ಹೋಯಿತು.
ಉತ್ತರವಿಲ್ಲ. ಬ್ಯಾಟರಿ ಸತ್ತಿರಬಹುದು.
ಚಹಾ ಆರಿತು.

ಮೂರನೇ ವಾರ ಪರದೆಯ ಮೇಲೆ ಒಂದು ಗೆರೆ
ತುಸು ಬಾಗಿತು: ಇನ್ನೂರು ಮೀಟರ್ ಕೆಳಗೆ.
ಗಾಳಿಯೇ ಇಲ್ಲವೆನ್ನುವಲ್ಲಿ
ಇಷ್ಟೇ ಇಷ್ಟು ಗಾಳಿ ಹಾಯಿಗೆ ಸಿಕ್ಕಿದೆ.

ಐಲಿ ಕಿಟಕಿ ತೆರೆದು
ಕೈ ಹೊರಗೆ ಚಾಚಿದಳು, ಅಂಗೈ ಎದುರುಗಾಳಿಗೆ.