ಐದನೆಯ ಕಿವಿ

ದುಡ್ಡಿದ್ದದ್ದು ಐದು ಕಿವಿಗಳಿಗೆ ಮಾತ್ರ.
ನಕ್ಷೆ ಹಾಸಿ, ಐದು ಸೋಡಾ ಮುಚ್ಚಳಗಳನ್ನು
ಅತ್ತಿತ್ತ ಸರಿಸುತ್ತ ಕೂತೆ ಎರಡು ವಾರ.
ನಡುವೆ ವಿಕ್ಟೋರಿಯಾ ಸರೋವರ:
ಬಿಸಿಲು ಕುಡಿದು ಬಸುರಾಗಿ ಗುಡುಗು ಹೆರುವ ನೀರು.

ಕಂಪಾಲಾದ ಕಚೇರಿ ಕೇಳಿತ್ತು:
ಕಿವಿಯೊಂದಕ್ಕೆ ಉಳಿಯುವ ಜೀವ ಎಷ್ಟು?
ಜೀವವೊಂದಕ್ಕೆ ಬೀಳುವ ಶಿಲ್ಲಿಂಗ್ ಎಷ್ಟು?
ಅದಕ್ಕೆಂದೇ ಕೋಷ್ಟಕದಲ್ಲಿ ಒಂದು ಖಾಲಿ ಅಂಕಣ.

ಒತ್ತೊತ್ತಾಗಿ ಇಟ್ಟರೆ ದಂಡ.
ಒಂದೇ ಮಿಂಚಿನ ಚಿಟಿಕೆ ಮೂರು ಕಡೆ ಕೇಳಬೇಕು,
ಕೂದಲೆಳೆಯಷ್ಟು ಹಿಂದೆ ಮುಂದೆ;
ಆ ಕೂದಲೆಳೆ ಹಿಡಿದೇ ನಾವು
ಸಿಡಿಲಿನ ಮನೆ ಹುಡುಕುವುದು.
ಹಾಗಾಗಿ ಒಂದು, ದ್ವೀಪದ ಹೆರಿಗೆ ಆಸ್ಪತ್ರೆಗೆ,
ಒಂದು, ರಾತ್ರಿಯಿಡೀ ಜನರೇಟರ್ ಓಡುವ ಹಾಲಿನ ಡೈರಿಗೆ,
ಒಂದು, ಗುಡ್ಡದ ಮೇಲಿನ ಕಾನ್ವೆಂಟಿಗೆ,
ಒಂದು, ಜೈಲಿನ ಕಾವಲು ಗೋಪುರಕ್ಕೆ.
('ಅಲ್ಲಾದರೆ ಕಳ್ಳರ ಕಾಟವಿಲ್ಲ,'
ವಾರ್ಡರ್ ಒಗ್ವಾಲ್ ಹೇಳಿದ, ನಗದೆ.)

ಐದನೆಯ ಮುಚ್ಚಳ ಬೆರಳಲ್ಲಿ ಉಳಿದಿತ್ತು
ಬುಲುಗ್ವೆಯ ಶಾಲೆಗೆ ನಕಿಬೂಲೆ ಬಂದಾಗ.
ಮೈಯೆಲ್ಲ ಮುಕೆನೆ ಮೀನಿನ ವಾಸನೆ.
ಗೋಲುಕಂಬದ ಬುಡ ತೋರಿಸಿದಳು: 'ಇಲ್ಲಿ ಇಡಿ.
ಕಿಯಿಂಗಿ ಬಿದ್ದದ್ದು ಇಲ್ಲಿ.'

ಇದು ಸಿಡಿಲನ್ನು ತಡೆಯುವುದಿಲ್ಲ ಅಮ್ಮ,
ಕೇಳಿಸಿಕೊಳ್ಳುತ್ತದೆ ಅಷ್ಟೆ, ನೂರು ಮೈಲಿ ದೂರದಿಂದಲೂ.

'ಕೇಳುವುದಕ್ಕೇನು, ನಾನೂ ಕೇಳಿದ್ದೆ.
ದಡದಲ್ಲಿ ಮೀನು ಒಣಹಾಕುತ್ತ
ಆಚೆ ದ್ವೀಪದ ಗುಡುಗು ಎಣಿಸಿದ್ದೆ.
ಇಲ್ಲಿ ಇವನ ಕಿವಿಗೆ ಹಾಕುವವರು ಯಾರಿದ್ದರು?'

ಆ ರಾತ್ರಿ ಐದನೆಯ ಮುಚ್ಚಳ ಜೇಬಿಗಿಳಿಸಿದೆ.
ನಾಲ್ಕರಲ್ಲಿ ಗುರುತು ಎರಡು ಮೈಲಿ ಜಾರುತ್ತದೆ, ನಿಜ.
ಓಡಿ ಒಳಗೆ ಬರುವ ಮಗುವಿಗೆ
ಎರಡು ಮೈಲಿ ಯಾವ ಲೆಕ್ಕ?
ಉಳಿದ ದುಡ್ಡಿಗೆ ಹಳೇ ಲಾರಿಗಳ ರಿಮ್ಮು ಅರವತ್ತು,
ಬಡಿಯಲು ಕಬ್ಬಿಣದ ಸಲಾಕೆ,
ಶಾಲೆಗೊಂದರಂತೆ ಅಡುಗೆಯವಳ ಕೈಗೆ ಅಗ್ಗದ ಮೊಬೈಲು.
ರಿಮ್ಮು ಮರಕ್ಕೆ ಬೇಡ, ಜಗಲಿಯ ತೊಲೆಗೆ ಎಂದು
ಮೂರು ಸಲ ಹೇಳಿದೆ.
ಫಾರಮ್ಮಿನಲ್ಲಿ 'ರಿಮ್ಮು' ಬರೆಯಲು ಜಾಗವಿರಲಿಲ್ಲ;
'ಧ್ವನಿ ಪ್ರಸರಣ ಉಪಕರಣ' ಎಂದೆ. ಪಾಸಾಯಿತು.

ಮಾರ್ಚಿನಲ್ಲಿ ಮೊದಲ ಸಲ
ಇನ್ನೂ ಬಿಸಿಲಿರುವಾಗಲೇ, ಕಾಲ ಮಿಂಚುವ ಮೊದಲೇ,
ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಅವಳು ಬಡಿದಳು.
ಹುಡುಗರು ಬೈದುಕೊಳ್ಳುತ್ತ ಒಳಗೆ ಓಡಿದರು.
ಮೈದಾನದಲ್ಲಿ ಚೆಂಡೊಂದೇ.

ಮೋಡ ಬಂತು, ಹೋಯಿತು.
ಸಿಡಿಲು ಎಲ್ಲೋ ನೀರಿಗೆ ಬಿತ್ತು.
ಯಾರಿಗೂ ಏನೂ ಆಗಲಿಲ್ಲ.
ಇದನ್ನು ಆ ಅಂಕಣದಲ್ಲಿ
ಹೇಗೆ ಬರೆಯುವುದೆಂದು ಕಂಪಾಲಾವನ್ನು ಕೇಳಿದ್ದೇನೆ.