ಎರಡು ಹೊಸ ತೂತು

ಜೆಪ್ಪುವಿನ ಹಂಚಿನ ಕಾರ್ಖಾನೆಯ ಹಿಂದೆ
ಹಾರ್ಮೋನಿಯಂ ರಿಪೇರಿಯ ನನ್ನ ಕೋಣೆಗೆ
ಅಣ್ಣ ತಂಗಿ ಬಂದದ್ದು ಒಂದು ಸೋಮವಾರ.
ಗಿಟಾರು ಬೊನಿಫಾಸರದ್ದು.
ಹೊತ್ತು ತಂದದ್ದು ಸೆವ್ರಿನ್ ಬಾಯಿ,
ಹಳೆ ಸೀರೆಯಲ್ಲಿ ಸುತ್ತಿ, ಎಳೆಕೂಸಿನ ಹಾಗೆ.

ಎದೆ ಬೆನ್ನು ಎರಡೂ ಉಬ್ಬಿದ ಹಳೆಯ ಜಾತಿ,
ನಡುವೆ ದುಂಡು ಬಾಯಿಲ್ಲ,
ಎರಡು ಬದಿಗೆ ಮೀನಿನ ಕಿವಿರಿನಂಥ ಸೀಳು.
ನಲವತ್ತು ವರ್ಷ ಮದುವೆಯ ಬ್ಯಾಂಡಿನಲ್ಲಿ ಉಸಿರಾಡಿದ ಕಿವಿರು.

"ಇವನ ಬೆರಳು ಈಗ ಮಡಚುವುದಿಲ್ಲ" ಎಂದರು ಬಾಯಿ.
"ನನ್ನ ಬೆರಳಿಗೆ ಪಿಟೀಲಿನ ದಾರಿ ಬಿಟ್ಟು ಬೇರೆ ಗೊತ್ತಿಲ್ಲ.
ಆದರೆ ಭುಜ ಸೋತಿದೆ, ಪಿಟೀಲು ಎತ್ತಲಾರೆ.
ಇದನ್ನು ಮಡಿಲಲ್ಲಿಟ್ಟು ನುಡಿಸುವ
ದೊಡ್ಡ ಮ್ಯಾಂಡೊಲಿನ್ ಮಾಡಿಕೊಡಿ."
ಬೊನಿಫಾಸ್ ಏನೂ ಅನ್ನಲಿಲ್ಲ.
ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ
ಹೋದ ತಿಂಗಳನ್ನು ಓದುತ್ತಿದ್ದರು.

ತಂತಿ ಕಳಚಿ, ತಲೆಕೆಳಗು ಹಿಡಿದು ಕುಲುಕಿದೆ:
ಒಂದು ಬೆಂಕಿಕಡ್ಡಿ, ಬಣ್ಣದ ಕಾಗದದ ಚೂರು,
ಮುಟ್ಟಿದರೆ ಪುಡಿಯಾಗುವ ಮಲ್ಲಿಗೆ.
ಎದೆಯ ಮೇಲೆ ಯಾರದೋ ರೋಸಿನ ದಿನ
ತೆಂಗಿನಹಾಲು ಚೆಲ್ಲಿದ ಕಲೆ.
"ಅದನ್ನು ತೆಗೆಯಬೇಡಿ."
ಆ ದಿನ ಅವರು ಆಡಿದ್ದು ಅಷ್ಟೇ.

ನನ್ನಪ್ಪ ಬೆಂಗ್ರೆಯಲ್ಲಿ ದೋಣಿ ಕಟ್ಟಿದವರು.
ಹಲಗೆಯನ್ನು ಕೇಳಿ ಉಳಿ ಇಡು ಎನ್ನುತ್ತಿದ್ದರು.
ಕೇಳಿದೆ. ಅದು ಹೇಳಲಿಲ್ಲ. ಇಟ್ಟೆ.
ಕುತ್ತಿಗೆಯನ್ನು ಎರಡೂ ಬದಿಯಿಂದ
ಕೂದಲೆಳೆ ಕೂದಲೆಳೆ ಹೆರೆದೆ.
ಮುರಿದ ಬೀಟೆ ಕುರ್ಚಿಯ ಕಾಲಿನಿಂದ ಕುದುರೆ ಕಡೆದೆ.
ಆಡಿನ ಮೂಳೆ ಬೇಯಿಸಿ ತಾರಸಿಯಲ್ಲಿ ಒಣಗಲಿಟ್ಟರೆ
ಕಾಗೆ ಕೊಂಡುಹೋಯಿತು.
ಎರಡನೆಯ ಮೂಳೆಗೆ ನಾನೇ ಕಾವಲು ಕೂತೆ,
ಎಂಟು ಗೀರು ಕೊರೆದು ಮುಗಿಯುವ ತನಕ.

ತಲೆಯಲ್ಲಿ ಆರು ಬಿರಡೆ, ಬೇಕಾದದ್ದು ಎಂಟು.
ಆ ಕಡೆ ಒಂದು, ಈ ಕಡೆ ಒಂದು ಹೊಸ ತೂತು.
ಬೈರಿಗೆ ಹಿಡಿದ ಹೊತ್ತಿಗೇ ಬೊನಿಫಾಸ್ ಬಂದರು,
ಬೀಡಿಯ ನೆಪ ಹೇಳಿ ಹೊರಗೆ ಹೋದರು.
ಮರದ ಪುಡಿ ಬೆಳ್ಳಗೆ ಉದುರಿತು,
ಇಷ್ಟು ವರ್ಷದ ಮೇಲೂ ಒಳಗೆ ಹೊಸ ಮರ.
ಕಿಟಕಿಯಾಚೆ ಕೆಮ್ಮು.

ಆರು ಜನ ಎಳೆಯುತ್ತಿದ್ದ ಕೈರಂಪಣಿ ಬಲೆಯನ್ನು
ಎಂಟು ಜನ ಎಳೆದರೆ ದಡ ತಡೆದೀತೆ?
ರಾತ್ರಿ ಎದ್ದೆದ್ದು ಟಾರ್ಚು ಹಾಕಿ ನೋಡಿದೆ.
ಎದೆ ಕುಸಿಯಲಿಲ್ಲ,
ಮೇಲಿನ ಇ ತಂತಿ ಕಡಿಯಿತು. ಮರುದಿನ ಇನ್ನೊಂದು.
ಪಿಟೀಲಿನ ಶ್ರುತಿ ಇಷ್ಟುದ್ದದ ಕುತ್ತಿಗೆಗೆ ಹೇಳಿದ್ದಲ್ಲ.
ಕೆಳಗಿಳಿಸಿದೆ: ಸಿ, ಜಿ, ಡಿ, ಎ.
ಹೆದರಿಕೊಂಡೇ ಫೋನು ಮಾಡಿದರೆ ಬಾಯಿ ನಕ್ಕರು:
"ಇಗರ್ಜಿಯ ಗಾಯನದಲ್ಲಿ ನನ್ನದೂ ಅದೇ ಕಥೆ ಮಾರಾಯ್ರೆ,
ಮುಂದಿನ ಸಾಲಿನಲ್ಲಿದ್ದವಳು,
ಈಗ ಗಂಡಸರ ಪಕ್ಕ ನಿಲ್ಲಿಸಿದ್ದಾರೆ."

ಜೋಡಿ ತಂತಿ ಒಂದೇ ಸ್ವರಕ್ಕೆ ಪೂರ್ತಿ ಕೂರುವುದಿಲ್ಲ.
ನೂಲಿನಷ್ಟು ಜಗಳ ಉಳಿಯುತ್ತದೆ,
ಅದಕ್ಕೇ ಅದು ಬಿಸಿಲಿಗೆ ಹಿಡಿದ ಬಂಗುಡೆಯ ಹಾಗೆ
ಮಿರಮಿರ ಎನ್ನುತ್ತದೆ.

ಶನಿವಾರ ಸೆವ್ರಿನ್ ಬಾಯಿ
ಸ್ಟೂಲಿನ ಮೇಲೆ ಕೂತು ನುಡಿಸಿದರು.
ದೇವರ ಕೀರ್ತನೆ ಬರುತ್ತದೆಂದುಕೊಂಡಿದ್ದೆ.
ಬಂದದ್ದು ವಾಲ್ಟ್ಸ್,
ಅಣ್ಣನ ಬ್ಯಾಂಡು ಮದುಮಕ್ಕಳನ್ನು ಕುಣಿಸುತ್ತಿದ್ದದ್ದು.
ಅರ್ಧದಲ್ಲಿ ತಪ್ಪಿತು.
"ಅಲ್ಲಿ ಅಲ್ಲ" ಎಂದು ಬೊನಿಫಾಸ್ ಕೈ ಚಾಚಿದರು,
ಹಳೆಯ ಅಭ್ಯಾಸ, ನಾಲ್ಕು ಬೆರಳೂ ಹಳೆಯ ಜಾಗ ಹುಡುಕಿದವು.
ಆ ಜಾಗ ಅಲ್ಲಿರಲಿಲ್ಲ.
ತಂಗಿ ಅವರ ತೋರುಬೆರಳನ್ನು ಹಿಡಿದು
ತಂತಿಯ ಮೇಲೆ ಇಟ್ಟರು. ಒಂದೇ ಬೆರಳು, ಎರಡು ತಂತಿ.
ಮೀಟಿದ್ದು ಅವರು, ಒತ್ತಿದ್ದು ಇವರು.
"ಜಾಲೆಂ" ಎಂದರು ಬೊನಿಫಾಸ್,
ಆಯಿತು ಎಂದೋ, ಸಾಕು ಎಂದೋ.

ಆರು ಗೀರಿನ ಹಳೆ ಮೂಳೆಯನ್ನು
ಕೇಳದೆಯೇ ಅಂಗಿಯ ಕಿಸೆಗೆ ಹಾಕಿಕೊಂಡರು.
ಬಿಲ್ಲು ಬರೆಯಲು ಕೂತು ತಡೆದೆ:
ರಿಪೇರಿಯೋ, ಹೊಸತೋ?
ಮರಗೆಲಸ ಎಂದು ಬರೆದೆ.
ಎರಡು ತೂತಿನ ದುಡ್ಡು ಹಿಡಿಯಲಿಲ್ಲ.