ಹಿನ್ನಲೆ

ದೋಣಿಯಲ್ಲಿ ಹಿಂದಕ್ಕೆ ಮುಖಮಾಡಿ ಕೂರುವುದು ನನ್ನ ಕೆಲಸ.
ಡೆಸ್ಮಂಡ್ ಮುಂದೆ ನೋಡುತ್ತಾನೆ, ಕೇಸರಿ ತೇಲುಗುಂಡುಗಳ ಸಾಲಿನ ನಡುವೆ
ಸೂಜಿಗೆ ದಾರ ಪೋಣಿಸುವವನ ಹಾಗೆ ಉಸಿರು ಹಿಡಿದು.
ತಾನೆಬ್ಬಿಸಿದ ಅಲೆ ಅವನಿಗೆ ಕಾಣುವುದಿಲ್ಲ.
ಕಾಣುವುದು ನನಗೆ.
ತಾಗುವುದು ನೆರಿಡಾಳ ಮೊಣಕಾಲಿಗೆ.

ಮರ್ರೇ ನದಿಗೆ ಕಟ್ಟೆ ಕಟ್ಟಿದಾಗ ಮುಳುಗಿ ಸತ್ತ
ರೆಡ್ ಗಮ್ ಮರಗಳು ಇನ್ನೂ ನೀರಲ್ಲೇ ನಿಂತಿವೆ,
ಹಾಜರಿಗೆಂದು ಎತ್ತಿದ ಕೈ ಇಳಿಸಲು ಮರೆತ ಮಕ್ಕಳಂತೆ.
ಬೆಳಗಿನ ಆರೂಕಾಲು. ಗಾಳಿ ಎದ್ದಿಲ್ಲ.
ಬಿಳಿ ಕಾಕಟೂಗಳಿಗೆ ಮಾತ್ರ ಆಗಲೇ ಜಗಳ.

ಹದಿನೆಂಟೂಕಾಲು ಮೀಟರ್ ಹಗ್ಗದಲ್ಲಿ ತೊಂದರೆಯಿಲ್ಲ.
ಹದಿನಾರಕ್ಕೂ ಹೇಗೋ ಸರಿ.
ಹದಿನಾಲ್ಕೂಕಾಲಕ್ಕೆ ಮೊಟಕು ಮಾಡಿದರೆ
ನಡುಜಾಡಿನಲ್ಲೊಂದು ಗುಬುಟು.
ನೋಡಲು ಮೊರದಲ್ಲಿ ಕೂಡಿಟ್ಟ ಹಿಟ್ಟಿನಷ್ಟು ಮೆತ್ತಗೆ;
ಗಂಟೆಗೆ ಐವತ್ತೈದು ಕಿಲೋಮೀಟರಿನಲ್ಲಿ
ಒಂಟಿ ಸ್ಕೀ ಮೇಲೆ ಓರೆಯಾಗಿ ಸೀಳಿ ಬರುವವಳಿಗೆ
ಹೊಸ್ತಿಲು ಎಡವಿದಂತೆ.
ಅವಳು ಹೇಳಿದ್ದು ಒಂದೇ ಸಾರಿ:
"ನಿನ್ನ ದೋಣಿ ಒದೆಯುತ್ತೆ, ಡೆಸ್."

ಅಂದಿನಿಂದ ಶುರು.
ಹಿಂಬದಿಯ ತುಟಿಗೊಂದು ಸ್ಟೀಲ್ ತಗಡು, ಅಂಗೈಯಗಲ,
ಅರದಿಂದ ಉಜ್ಜಿ, ಎರಡು ಡಿಗ್ರಿ ಬಗ್ಗಿಸಿ ಕೂರಿಸಿದ.
ದೋಣಿ ಮೂಗು ತಗ್ಗಿಸಿತು, ಅಲೆಯೂ ತಗ್ಗಿತು,
ಆದರೆ ನೀರು ಗಡುಸಾಯಿತು. "ಮೊನ್ನೆಯ ಬ್ರೆಡ್ಡು," ಅಂದಳು.
ಮೂರು ಡಿಗ್ರಿಗೆ ಚುಕ್ಕಾಣಿ ಹಟ ಹಿಡಿಯಿತು.
ತಗಡು ಕಳಚಿದ.
ಮೂತಿಯಲ್ಲಿ ಎರಡು ಚೀಲ ಮರಳು ಪೇರಿಸಿದ.
ಬಲದ ಅಲೆ ಇಳಿಯಿತು, ಎಡದ್ದು ಜಗ್ಗಲಿಲ್ಲ.
ನನ್ನನ್ನು ಎಡದ ಸೀಟಿನಿಂದ ನಡುವಿಗೆ ಸರಿಸಿದ,
ನಾನೂ ಒಂದು ಬಿಡಿಭಾಗವೆಂಬಂತೆ,
ತೊಂಬತ್ತೊಂದು ಕಿಲೋ ಎಂದು ಪುಸ್ತಕದಲ್ಲಿ ಬರೆದುಕೊಂಡ,
ಎಂಬತ್ತಾರು ಅಂದರೂ ಕೇಳದೆ.

ಅಲೆಯನ್ನು ಓದಲು ನಾನು ಕಲಿತದ್ದು ಆ ಫೆಬ್ರವರಿಯಲ್ಲೇ.
ಹಿನ್ನೆಲೆಯಲ್ಲ ಇದು, ಹಿನ್ನಲೆ;
ದೋಣಿ ದಾಟಿದ ಮೇಲೆ ನೀರು ಆಡಿಕೊಳ್ಳುವ ಮಾತು.
ಗಾಜು ಎಲ್ಲಿ ಮುಗಿಯುತ್ತದೆ, ನೊರೆ ಎಲ್ಲಿ ಒಡೆಯುತ್ತದೆ,
ಉಕ್ಕುವ ಮುಂಚೆ ಹಾಲಿನ ಅಂಚು ನಡುಗುವ ಹಾಗೆ
ಯಾವ ಗೆರೆ ಎಲ್ಲಿ ನಡುಗುತ್ತದೆ.
ಒಂದು ದಿನ ಸೂರ್ಯ ತೀರ ಕೆಳಗಿದ್ದಾಗ ಕಂಡೆ:
ಎಡಗಡೆ, ಬೆಕ್ಕಿನ ಮೀಸೆಯಂಥ ತೆಳ್ಳನೆ ಚಿಲುಮೆ.
ತಗಡಿನದಲ್ಲ, ಮರಳಿನದಲ್ಲ.
ಏಣಿಯದು.

ಹೋದ ವರ್ಷ ಅವಳು ಮೊಣಕಾಲು ಕೊಯ್ಸಿಕೊಂಡು ಬಂದಾಗ
ನೀರಿಂದ ಹತ್ತಲು ಕಷ್ಟವಾಗದಿರಲೆಂದು
ಅವನೇ ಬೆಸೆದದ್ದು. ಮೂರು ಮೆಟ್ಟಿಲು, ಮಡಚುವಂಥದು,
ಕಾಲು ಜಾರದಂತೆ ಹಳೇ ಟೈರಿನ ರಬ್ಬರು ಸುತ್ತಿ.
ಅದರ ಎಡಗೊಂಡಿ ಎರಡು ಬೆರಳು ನೀರಿಗಿಳಿದಿತ್ತು.
ಅಷ್ಟೇ.

ಹೇಳಲೋ ಬೇಡವೋ ಎಂದು ಎರಡು ಸುತ್ತು ಸುಮ್ಮನಿದ್ದೆ.
ಮೂರನೆಯದರಲ್ಲಿ ಅವಳು ನಾಲ್ಕನೇ ಗುಂಡಿನ ಬಳಿ ಬಿದ್ದಳು.
ಹೇಳಿದೆ.
ಇಂಜಿನ್ ಆರಿಸಿದ. ಬಗ್ಗಿ ನೋಡಿದ.
ಸ್ಪ್ಯಾನರ್ ಕೇಳಿದ, ಹದಿಮೂರನೇ ನಂಬರಿನದು.
ನೀರಲ್ಲಿ ತೇಲುತ್ತಿದ್ದ ನೆರಿಡಾ "ಏನಂತೆ?" ಅಂದಳು.
ಉತ್ತರವಿಲ್ಲ. ತುಕ್ಕು ಹಿಡಿಯದ ತಿರುಪನ್ನು
ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಗುಬುಟು ಹೋಯಿತೇ? ಅರ್ಧ ಹೋಯಿತು.
ಉಳಿದರ್ಧ ದೋಣಿಯ ಹುಟ್ಟುಗುಣ.
ಆದರೂ ಆರೂ ಗುಂಡು ಸುತ್ತಿ ಬಂದಳು, ಬೈಯದೆ.

ಈಗ ಓಟ ಮುಗಿದರೆ ಅವಳು ಅಂಚಿಗೆ ಈಜಿ ಬರುತ್ತಾಳೆ,
ಅವನು ಮಂಡಿಯೂರಿ ಎರಡೂ ಕೈ ಚಾಚುತ್ತಾನೆ.
ಎಳೆಯುವಾಗ ನರಳುವುದು ಯಾರು, ತಿಳಿಯುವುದಿಲ್ಲ.
ಒಮ್ಮೆ ಅವನೇ ನೀರಿಗೆ ಬಿದ್ದ.
ಆ ಹೊತ್ತು ಮಾತ್ರ ನಾನು ಮುಂದಕ್ಕೆ ತಿರುಗಿ ಕೂರುತ್ತೇನೆ.

ಏಣಿ ಶೆಡ್ಡಿನ ಹಿಂದೆ, ಕ್ವಿನ್ಸ್ ಮರಕ್ಕೆ ಒರಗಿದೆ.
ಮೂರೇ ಮೆಟ್ಟಿಲು,
ಯಾವ ಹಣ್ಣಿಗೂ ಎಟುಕುವುದಿಲ್ಲ.